ಹೃದಯವೂ ಒಂದು ಗ್ರಂಥಿ

“ಡಾಕ್ಟರ್ರ, ಈ ಗುಳಿಗಿ ಒಳಗ ಹೋಗಿ ಏನ್ ಮಾಡತೈತ್ರಿ?” ಎಂದು ರಕ್ತದೊತ್ತಡವುಳ್ಳ ನವನಗರದ ಹಿರಿಯರು ಕೇಳುವುದುಂಟು. ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ, ಮೂತ್ರದ ಮೂಲಕ ಉಪ್ಪನ್ನು ಹೊರಹಾಕುತ್ತದೆ ಎಂಬುದು ರೂಢಿಯ ಉತ್ತರ. ಆದರೆ ಕೆಲವು ಮಾತ್ರೆಗಳ ಕಾರ್ಯದಲ್ಲಿ ಹೃದಯವೇ ಪಾಲುದಾರನಾಗಿರುತ್ತದೆ.

1981ರಲ್ಲಿ ಕೆನಡಾದ ವಿಜ್ಞಾನಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಮೂತ್ರದ ಪ್ರಮಾಣ ಸುಮಾರು 10 ಪಟ್ಟು, ಅದರಲ್ಲಿನ ಸೋಡಿಯಂ 30 ಪಟ್ಟಿಗೂ ಮಿಗಿಲಾಗಿ ಏರಿತು. ಹೀಗೆ ಕಂಡುಬಂದದ್ದು ಎಎನ್‌ಪಿ ಎಂಬ ಹಾರ್ಮೋನು. ಇದರ ಸೋದರನಾದ ಬಿಎನ್‌ಪಿಯನ್ನು 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮೆದುಳಿನಲ್ಲಿ ಗುರುತಿಸಿದರು. ಅದು ಮುಖ್ಯವಾಗಿ ಹುಟ್ಟುವುದು ಹೃದಯದಲ್ಲಿಯೇ ಎಂಬುದು ಅನಂತರ ತಿಳಿಯಿತು. ರಸವಹ ಸ್ರೋತಸ್ಸಿನ ಮೂಲ ಹೃದಯವೆಂದು ಚರಕಸಂಹಿತೆ ಹೇಳುತ್ತದೆ. ಅದನ್ನೇ ಹಿಡಿದು ಹಾರ್ಮೋನು ನಮ್ಮವರಿಗೆ ಮೊದಲೇ ತಿಳಿದಿತ್ತೆನ್ನುವುದು ನನಗೆ ಒಪ್ಪಿಗೆಯಿಲ್ಲ.

ರಕ್ತದ ಪ್ರಮಾಣ ಹೆಚ್ಚಿ ಹೃದಯದ ಗೋಡೆ ಹಿಗ್ಗಿದಾಗ ಈ ಹಾರ್ಮೋನುಗಳು ಸ್ರವಿಸುತ್ತವೆ. ಮೂತ್ರಪಿಂಡಕ್ಕೆ ಉಪ್ಪು ಬಿಡಿಸುತ್ತವೆ, ನಾಳಗಳನ್ನು ಹಿಗ್ಗಿಸುತ್ತವೆ, ಒತ್ತಡವೇರಿಸುವ ರೆನಿನ್ ಹಾಗೂ ಆಲ್ಡೊಸ್ಟಿರೋನ್‌ಗಳನ್ನು ತಗ್ಗಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂತಹ ಬೀಟಾ ಬ್ಲಾಕರ್ ಮಾತ್ರೆಗಳನ್ನು ಸೇವಿಸುವವರ ರಕ್ತದಲ್ಲಿ ಇವುಗಳ ಮಟ್ಟ ಏರುವುದು ಕಂಡುಬಂದಿದೆ. ಹೃದಯದ ಬಡಿತ ನಿಧಾನವಾಗಿ, ಅದು ಹೆಚ್ಚು ತುಂಬಿಕೊಂಡು ಹಿಗ್ಗುವುದು ಇದಕ್ಕೊಂದು ಕಾರಣವಿರಬಹುದು. ಆ ಮಾತ್ರೆಗಳಿಂದ ಒತ್ತಡ ಇಳಿಯುವುದರಲ್ಲಿ ಈ ಹಾರ್ಮೋನುಗಳ ಪಾಲೂ ಇದೆಯೆಂಬುದು ಸಂಶೋಧಕರ ಅಭಿಪ್ರಾಯ.

ಸಕ್ಯುಬಿಟ್ರಿಲ್ ಇನ್ನೂ ನೇರವಾದ ದಾರಿಯನ್ನು ಹಿಡಿಯುತ್ತದೆ. ಈ ಹಾರ್ಮೋನುಗಳನ್ನು ಒಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನೇ ಅದು ತಡೆಯುತ್ತದೆ. ವಾಲ್ಸಾರ್ಟಾನ್ ಜೊತೆಗೂಡಿಸಿದ ಈ ಮಾತ್ರೆಯನ್ನು ಮುಖ್ಯವಾಗಿ ಹೃದಯ ದೌರ್ಬಲ್ಯಕ್ಕೆ ಕೊಡುತ್ತಾರೆ. ಜಪಾನಿನಲ್ಲಿ ರಕ್ತದೊತ್ತಡಕ್ಕೂ ಬಳಸುತ್ತಾರೆ. 2023ರಲ್ಲಿ ಪೇಟೆಂಟ್ ಮುಗಿದ ಬಳಿಕ ನಮ್ಮ ದೇಶದ ಹಲವು ಕಂಪನಿಗಳು ಇದನ್ನು ತಯಾರಿಸುತ್ತಿರುವುದರಿಂದ ಬೆಲೆ ಇಳಿದಿದೆ. ಇದನ್ನು ಸೇವಿಸುವವರ ಬಿಎನ್‌ಪಿ ವರದಿ ಮಾತ್ರೆಯ ಪರಿಣಾಮದಿಂದಲೇ ಏರಬಹುದು. ಆದ್ದರಿಂದ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯನ್ನು ನೋಡುವುದು ವಾಡಿಕೆ. ಅಂಕಿ ಕಂಡೊಡನೆ ಗಾಬರಿಗೊಳ್ಳಬಾರದು. ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ಅದೂ ಹೆಚ್ಚಿರುತ್ತದೆ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಊಟ ಈ ಹಾರ್ಮೋನುಗಳ ದುಡಿಮೆಯನ್ನು ವ್ಯರ್ಥಗೊಳಿಸುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಶಾಸ್ತ್ರದ ಜ್ಯೇಷ್ಠಮಧುವೂ ಬಹುದಿನ ಸೇವಿಸಿದರೆ ಉಪ್ಪನ್ನು ದೇಹದಲ್ಲಿ ಹಿಡಿದಿಟ್ಟು ಒತ್ತಡವನ್ನು ಏರಿಸಬಲ್ಲದು. ಕೆಮ್ಮಿಗೆಂದು ತಿಂಗಳುಗಟ್ಟಲೆ ಚಪ್ಪರಿಸುವವರು ಇದನ್ನು ಗಮನಿಸಬೇಕು. ಶ್ರಾವಣದ ಉಪವಾಸದಲ್ಲಿ ಗುಳಿಗೆ ನುಂಗಿದರೆ ವ್ರತಭಂಗವೆಂದು ಬಗೆದು ಬೀಟಾ ಬ್ಲಾಕರನ್ನು ಹಠಾತ್ತನೆ ನಿಲ್ಲಿಸುವವರಿದ್ದಾರೆ. ಅದರಿಂದ ಎದೆನೋವು, ಹೃದಯಾಘಾತಗಳೂ ಸಂಭವಿಸಬಹುದು. ಸಕ್ಯುಬಿಟ್ರಿಲ್ ಆರಂಭಿಸಿದವರ ಮನೆಯಲ್ಲಿ ಹಳೆಯ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಉಳಿದಿದ್ದರೆ ಅದನ್ನು ಪ್ರತ್ಯೇಕವಾಗಿ ತೆಗೆದಿಡಿ. ಇವೆರಡೂ ಒಟ್ಟಿಗೆ ಸೇರಿದರೆ ಮುಖ, ಗಂಟಲು ಊದಿ ಉಸಿರು ಕಟ್ಟಬಹುದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಕನಿಷ್ಠ 36 ಗಂಟೆಗಳ ಅಂತರವಿರಬೇಕು.