ಹಕ್ಕಿ ತಲೆ ಎತ್ತಿತೇ? ಅಲ್ಲೇ ನಿಲ್ಲಿ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಜಾಗ. ನೀರು ಇಳಿಯಿತೆಂದರೆ ಕೆಸರುಬಯಲು ತೆರೆದುಕೊಳ್ಳುತ್ತದೆ. ಒಂದು ಕಡೆ ಬೆಳಚು ಚಿಪ್ಪು ಹೆಕ್ಕುವವರು, ಇನ್ನೊಂದು ಕಡೆ ಕೆಸರಿಗೆ ಕೊಕ್ಕು ಚುಚ್ಚಿ ಹುಳ ಎಳೆಯುವ ಉಲ್ಲಂಕಿಗಳು. ಚಳಿಗಾಲ ಕಳೆಯಲು ಸಾವಿರಾರು ಕಿಲೋಮೀಟರ್ ಹಾರಿ ಬಂದವು. ನೀರು ಮತ್ತೆ ಏರುವವರೆಗಷ್ಟೇ ಇವಕ್ಕೆ ಊಟದ ಹೊತ್ತು.

ಇಲ್ಲಿ ನೋಡಿ. ತಿನ್ನುವುದು ಬಿಟ್ಟು ಹಕ್ಕಿ ತಲೆ ಎತ್ತಿತು. ನೀವು ತೀರಾ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಇನ್ನೆರಡು ಹೆಜ್ಜೆ ಇಟ್ಟರೆ ಗುಂಪಿಗೆ ಗುಂಪೇ ಏಳುತ್ತದೆ. ಮರಳಿ ಹೋಗುವ ದಾರಿಗೆಂದು ಕೂಡಿಟ್ಟ ಕೊಬ್ಬು ಸುಮ್ಮನೆ ಕರಗುತ್ತದೆ. ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟುವವರೂ ಇದ್ದಾರೆ. ನಾಯಿ ಅಟ್ಟಿಸಿದರೂ ಹಕ್ಕಿಗೆ ಇಷ್ಟೇ ಕಾಟ!

ಡ್ರೋನ್ ಬೇಡ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ದುರ್ಬೀನು ಹಿಡಿದು ದಂಡೆಯಲ್ಲೇ ಕೂತಿರಿ. ನೀರು ಏರುತ್ತಾ ಬಂದ ಹಾಗೆ ಹಕ್ಕಿಗಳೂ ದಂಡೆಯತ್ತ ಸರಿಯುತ್ತವೆ.