ಕೋಳಿಗೆ ಕಾಳು, ಆಡಿಗೆ ಸೊಪ್ಪು – ಹೀಗೇಕೆ?



‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಬೇಲಿಯ ಜಾಲಿ, ಬದುವಿನ ಹಾಲವಾಣ, ಹಿತ್ತಲಿನ ಹಲಸು, ಯಾವುದನ್ನೂ ಆಡು ಬಿಡುವುದಿಲ್ಲ. ಎಟುಕದಿದ್ದರೆ ಹಿಂಗಾಲುಗಳ ಮೇಲೆ ನಿಂತಾದರೂ ಎಲೆ ಕಿತ್ತು ತಿನ್ನುತ್ತದೆ. ಮುಳ್ಳಿಗೂ ಅಂಜುವುದಿಲ್ಲ. ಇಂತಹ ಗಟ್ಟಿ ಪ್ರಾಣಿಯು ಒಂದು ಮೊರ ರಾಗಿಯನ್ನೋ ಒಂದು ಬುಟ್ಟಿ ಅನ್ನವನ್ನೋ ಒಮ್ಮೆಲೇ ತಿಂದರೆ ಒಂದೆರಡು ದಿನಗಳಲ್ಲಿ ಸತ್ತೇ ಹೋಗಬಹುದು! ಆದರೆ ಅದೇ ರಾಗಿ, ಅದೇ ಅನ್ನ ಅಂಗಳದ ಕೋಳಿಗೆ ಒಳ್ಳೆಯ ಆಹಾರ.

ಹೀಗೇಕೆ? ಉತ್ತರ ಅವುಗಳ ಹೊಟ್ಟೆಯೊಳಗಿದೆ.

ಇದು ಸಣ್ಣ ವಿಷಯವಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು. ಹಿತ್ತಲಲ್ಲಿ ಸಾಕಿದ ಕೋಳಿ ಮೊದಲಾದ ಹಕ್ಕಿಗಳು 31 ಕೋಟಿಗೂ ಹೆಚ್ಚು. ಸ್ವಲ್ಪವೇ ಜಮೀನು ಇರುವ ಅಥವಾ ಜಮೀನೇ ಇಲ್ಲದ ಮನೆಗಳಿಗೆ ಇವು ಹುಂಡಿಯಲ್ಲಿ ಕೂಡಿಟ್ಟ ಹಣವಿದ್ದಂತೆ. ಮೊಟ್ಟೆ ಮಾರಿದರೆ ಸಂತೆಯ ಖರ್ಚು, ಆಡು ಮಾರಿದರೆ ಶಾಲೆಯ ಅಥವಾ ಆಸ್ಪತ್ರೆಯ ಖರ್ಚು ನಡೆಯುತ್ತದೆ. ಒಂದು ಆಡು ಸತ್ತರೆ ಆ ಮನೆಗೆ ದೊಡ್ಡ ಪೆಟ್ಟು.

ಕೋಳಿಯ ಬೀಸುವ ಕಲ್ಲು

ಕೋಳಿಗೆ ಹಲ್ಲಿಲ್ಲ. ಅದು ಕಾಳನ್ನು ಅಗಿಯದೆ ನುಂಗುತ್ತದೆ. ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದಲ್ಲಿರುವ ಮೇವುಚೀಲದಲ್ಲಿ ಸಂಗ್ರಹವಾಗಿ ನೆನೆಯುತ್ತದೆ. ಅಲ್ಲಿಂದ ಜಠರಕ್ಕೆ ಬಂದು ಆಮ್ಲ ಮತ್ತು ಕಿಣ್ವಗಳೊಡನೆ ಬೆರೆಯುತ್ತದೆ. ಆಮೇಲೆ ‘ಪೇಷಣಿ’ ಎಂಬ ದಪ್ಪ ಸ್ನಾಯುಗಳ ಚೀಲವನ್ನು ಸೇರುತ್ತದೆ. ಕೋಳಿ ಆಗಾಗ ಸಣ್ಣ ಸಣ್ಣ ಹರಳುಗಳನ್ನು ನುಂಗುವುದನ್ನು ನೀವು ನೋಡಿರಬಹುದು. ಆ ಹರಳುಗಳು ಪೇಷಣಿಯಲ್ಲಿ ಉಳಿದುಕೊಂಡು, ನಮ್ಮ ಮನೆಯ ಬೀಸುವ ಕಲ್ಲಿನಂತೆ ಕಾಳನ್ನು ಅರೆಯುತ್ತವೆ. ಅರೆದ ಪಿಷ್ಟವನ್ನು ಕೋಳಿ ತನ್ನದೇ ಕಿಣ್ವಗಳಿಂದ ಸಣ್ಣ ಕರುಳಿನಲ್ಲಿ ಜೀರ್ಣಿಸಿಕೊಳ್ಳುತ್ತದೆ.

ಆದರೆ ಒಣ ಹುಲ್ಲನ್ನು ಕೊಟ್ಟರೆ ಕೋಳಿ ಬದುಕಲಾರದು. ಹುಲ್ಲು, ಎಲೆಗಳ ನಾರಿನಲ್ಲಿರುವ ಸೆಲ್ಯುಲೋಸ್ ಎಂಬ ವಸ್ತುವನ್ನು ಒಡೆಯುವ ಕಿಣ್ವ ಅದರಲ್ಲಿಲ್ಲ. ನಮ್ಮಲ್ಲಿಯೂ ಇಲ್ಲ. ಆಶ್ಚರ್ಯವೆಂದರೆ, ಆಡಿನಲ್ಲಿಯೂ ಇಲ್ಲ! ಹಾಗಾದರೆ ಆಡು ಸೊಪ್ಪು ತಿಂದು ಬದುಕುವುದು ಹೇಗೆ?

ಆಡಿನ ಹುದುಗಿನ ಪಾತ್ರೆ

ಆಡಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು ರೂಮೆನ್. ಹೊಟ್ಟೆಯ ಎಡಭಾಗವನ್ನೆಲ್ಲ ಬಹುಪಾಲು ಇದೇ ತುಂಬಿಕೊಂಡಿರುತ್ತದೆ. ಇದರೊಳಗಿನ ರಸದ ಒಂದು ಹನಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಸೆಲ್ಯುಲೋಸನ್ನು ಒಡೆಯುವವರು ಇವರೇ.

ದೋಸೆ ಹಿಟ್ಟನ್ನು ನೆನಪಿಸಿಕೊಳ್ಳಿ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದೆ, ಸ್ವಲ್ಪ ಹುಳಿಯಾಗಿರುತ್ತದೆ. ಉಬ್ಬಲು ಅನಿಲ ಕಾರಣ, ಹುಳಿಗೆ ಆಮ್ಲ ಕಾರಣ. ಎರಡನ್ನೂ ತಯಾರಿಸಿದ್ದು ಸೂಕ್ಷ್ಮಾಣು ಜೀವಿಗಳು. ರೂಮೆನ್ನಿನಲ್ಲಿಯೂ ಹಗಲಿರುಳೂ ಇಂತಹ ಹುದುಗುವಿಕೆ ನಡೆಯುತ್ತಿರುತ್ತದೆ. ಅನಿಲವನ್ನು ಆಡು ತೇಗಿ ಹೊರಹಾಕುತ್ತದೆ. ನಿಧಾನವಾಗಿ ಉಂಟಾಗುವ ಆಮ್ಲಗಳನ್ನು ರೂಮೆನ್ನಿನ ಗೋಡೆ ಹೀರಿಕೊಳ್ಳುತ್ತದೆ. ಆಡಿಗೆ ಶಕ್ತಿ ದೊರೆಯುವುದು ಬಹುಮಟ್ಟಿಗೆ ಇವುಗಳಿಂದಲೇ.

ಸೊಪ್ಪು ನಾರಿನಿಂದ ಕೂಡಿರುವುದರಿಂದ ಆಡು ಅದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಆಗ ಜೊಲ್ಲು ಧಾರಾಳವಾಗಿ ಸುರಿಯುತ್ತದೆ. ಈ ಜೊಲ್ಲಿನಲ್ಲಿ ಅಡುಗೆ ಸೋಡದಲ್ಲಿರುವಂತಹ ಬೈಕಾರ್ಬೊನೇಟ್ ಇದೆ. ನಿಂಬೆರಸಕ್ಕೆ ಅಡುಗೆ ಸೋಡ ಹಾಕಿದರೆ ನೊರೆ ಬಂದು ಹುಳಿ ತಗ್ಗುತ್ತದೆಯಲ್ಲವೇ? ಹಾಗೆಯೇ ಜೊಲ್ಲು ರೂಮೆನ್ನಿನ ಹುಳಿಯನ್ನು ಹದದಲ್ಲಿಡುತ್ತದೆ.

ಕಾಳು ಹೆಚ್ಚಾದಾಗ

ಈಗ ಆಡು ಮೂಟೆಗೆ ಬಾಯಿ ಹಾಕಿ ಹೊಟ್ಟೆ ತುಂಬ ರಾಗಿ ತಿಂದಿತೆನ್ನಿ. ಕಾಳಿನಲ್ಲಿರುವುದು ಹೆಚ್ಚಾಗಿ ಪಿಷ್ಟ. ಪಿಷ್ಟ ಬಹು ಬೇಗ ಹುದುಗುತ್ತದೆ. ಹಿಟ್ಟು ಮಾಡಿದ ಕಾಳು, ಬೇಯಿಸಿದ ಅನ್ನ ಇನ್ನೂ ಬೇಗ. ಪಿಷ್ಟವನ್ನು ಇಷ್ಟಪಡುವ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ವಿಪರೀತ ಹೆಚ್ಚಿ ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ. ಮೊಸರಿಗೆ ಹುಳಿ ಕೊಡುವುದು ಇದೇ ಆಮ್ಲ. ಕಾಳಿಗೆ ಮೆಲುಕು ಕಡಿಮೆ, ಆದ್ದರಿಂದ ಜೊಲ್ಲೂ ಕಡಿಮೆ. ಹುಳಿ ಏರುತ್ತಲೇ ಹೋಗುತ್ತದೆ. ಸೊಪ್ಪನ್ನು ಒಡೆಯುವ ಬ್ಯಾಕ್ಟೀರಿಯಾಗಳು ಆ ಹುಳಿಯಲ್ಲಿ ಸಾಯುತ್ತವೆ. ರೂಮೆನ್ನಿನ ಚಲನೆ ನಿಲ್ಲುತ್ತದೆ.

ಇನ್ನೊಂದು ಅಪಾಯವೂ ಇದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ. ಒಳಗಿನ ದ್ರಾವಣ ಸಾಂದ್ರವಾಗಿರುವುದರಿಂದ ಹೊರಗಿನ ನೀರು ಸಿಪ್ಪೆಯ ಮೂಲಕ ಒಳನುಗ್ಗುತ್ತದೆ. ಆಮ್ಲದಿಂದ ಸಾಂದ್ರವಾದ ರೂಮೆನ್ ಕೂಡ ಹೀಗೆಯೇ ರಕ್ತದಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಹೊಟ್ಟೆ ತುಂಬ ನೀರಿದ್ದರೂ ದೇಹ ಒಣಗುತ್ತದೆ. ಆಮ್ಲ ರಕ್ತಕ್ಕೂ ಸೇರುತ್ತದೆ. ಚಿಕಿತ್ಸೆ ಸಿಗದಿದ್ದರೆ ಆಡು ಉಳಿಯುವುದು ಕಷ್ಟ.

ಹಬ್ಬ ಅಥವಾ ಮದುವೆಯ ಮಾರನೆಯ ದಿನ ಚೆನ್ನಾಗಿದ್ದ ಆಡು ಹೀಗೆ ಸತ್ತಾಗ ‘ಯಾರದೋ ದೃಷ್ಟಿ ತಾಗಿತು’ ಎನ್ನುವವರಿದ್ದಾರೆ. ನೀವು ಮೊದಲು ಕೇಳಬೇಕಾದ ಪ್ರಶ್ನೆ: ‘ನಿನ್ನೆ ಅದು ಏನು ತಿಂದಿತ್ತು?’

ಲಕ್ಷಣಗಳು

ಮೆಲುಕು ನಿಲ್ಲುವುದು, ಮಂಕಾಗಿ ನಿಲ್ಲುವುದು, ಎಡಹೊಟ್ಟೆ ಉಬ್ಬುವುದು, ಹಲ್ಲು ಕಡಿಯುವುದು, ಹಿಕ್ಕೆಯ ಬದಲು ನೀರಾಗಿ ಭೇದಿಯಾಗುವುದು, ತೂರಾಡುವುದು. ಇವು ಕಂಡರೆ, ಅಥವಾ ಆಡು ಹೆಚ್ಚು ಕಾಳು ತಿಂದದ್ದು ಗೊತ್ತಾದರೆ, ಲಕ್ಷಣಕ್ಕಾಗಿ ಕಾಯದೆ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಏನು ತಿಂದಿದೆ, ಎಷ್ಟು ಹೊತ್ತಾಯಿತು ಎಂಬುದನ್ನು ಸರಿಯಾಗಿ ಹೇಳಿ. ಬಲವಂತವಾಗಿ ಬಾಯಿಗೆ ಏನನ್ನೂ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಹುದು.

ತಡೆಯುವುದು ಹೇಗೆ?

* ಕೋಳಿಯ ಕಾಳನ್ನು ಗೂಡಿನ ಒಳಗೆ, ಕಿಂಡಿಯಿಂದ ಸಾಕಷ್ಟು ದೂರದಲ್ಲಿಡಿ. ಕಿಂಡಿ ಕೋಳಿ ನುಸುಳುವಷ್ಟೇ ಇರಲಿ. ಆಗ ಆಡಿನ ಬಾಯಿ ಕಾಳಿಗೆ ಎಟುಕುವುದಿಲ್ಲ.
* ಒಕ್ಕಣೆಯ ದಿನಗಳಲ್ಲಿ ಆಡನ್ನು ಕಣದಿಂದ ದೂರ ಕಟ್ಟಿ. ಕಾಳಿನ ಮೂಟೆ ಇರುವ ಕೋಣೆಯ ಬಾಗಿಲು ಮುಚ್ಚಿರಲಿ.
* ಮಿಕ್ಕ ಅನ್ನವನ್ನು ಆಡಿನ ಮುಂದೆ ಸುರಿಯಬೇಡಿ. ಹಳಸದಿದ್ದರೆ ಸ್ವಲ್ಪ ಕೋಳಿಗೆ ಹಾಕಬಹುದು.
* ಮರಿ ಹಾಕಿದ ಆಡಿಗೆ ಕಾಳು ಕೊಡುವುದುಂಟು. ಒಂದು ಹಿಡಿಯಿಂದ ಆರಂಭಿಸಿ ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಹೊಸ ಆಹಾರಕ್ಕೆ ಹೊಂದಿಕೊಳ್ಳಲು ರೂಮೆನ್ನಿನ ಬ್ಯಾಕ್ಟೀರಿಯಾಗಳಿಗೆ ಸಮಯ ಬೇಕು. ಕಾಳಿಗೆ ಮೊದಲು ಸೊಪ್ಪು ಅಥವಾ ಹುಲ್ಲು ತಿಂದಿರಲಿ.

ಮಾಡಿ ನೋಡಿ

1. ಸಂಜೆ ಗೂಡು ಸೇರುವ ಕೋಳಿಯ ಕುತ್ತಿಗೆಯ ಬುಡವನ್ನು ಮೆಲ್ಲಗೆ ಮುಟ್ಟಿ ನೋಡಿ. ಮೇವುಚೀಲ ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಕಾಳು ಹಾಕುವ ಮೊದಲು ಮತ್ತೆ ಮುಟ್ಟಿ. ಏನು ವ್ಯತ್ಯಾಸ?

2. ಸಾಧುವಾದ ಆಡಿನ ಎಡಭಾಗದಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ತಗ್ಗಿನಲ್ಲಿ ಅಂಗೈ ಇಡಿ. ನಿಮಿಷಕ್ಕೆ ಒಂದೆರಡು ಬಾರಿ ಒಳಗಿನಿಂದ ಏನೋ ಉರುಳಿ ಕೈಯನ್ನು ತಳ್ಳಿದಂತಾಗುತ್ತದೆ. ಅದೇ ರೂಮೆನ್ನಿನ ಚಲನೆ. ಆರೋಗ್ಯವಂತ ಆಡಿನಲ್ಲಿ ಇದನ್ನು ಒಂದು ವಾರ ಎಣಿಸಿ ಬರೆದಿಡಿ. ಮುಂದೊಂದು ದಿನ ಅದು ನಿಂತರೆ ಮನೆಯಲ್ಲಿ ಮೊದಲು ತಿಳಿಯುವುದು ನಿಮಗೇ!

ಎರಡೂ ಕೆಲಸದ ನಂತರ ಸಾಬೂನಿನಿಂದ ಕೈ ತೊಳೆಯಲು ಮರೆಯದಿರಿ.

ಯೋಚಿಸಿ

ಹಸು, ಎಮ್ಮೆ, ಕುರಿಗಳೂ ಮೆಲುಕು ಹಾಕುತ್ತವೆ. ಹಾಗಿದ್ದರೆ ಮದುವೆ ಮನೆಯ ಮಿಕ್ಕ ಅನ್ನವನ್ನೆಲ್ಲ ಹಸುವಿನ ಗೋದಲಿಗೆ ಸುರಿಯುವುದು ಸರಿಯೇ? ಕಾರಣ ಸಹಿತ ಉತ್ತರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ಮನೆಯವರಿಗೂ ಓದಿ ಹೇಳಿ.