ಬರಿಗಾಲಲ್ಲಿ ಆಡಿ ಹೋದವರು

ಮಳೆಗಾಲದಲ್ಲಿ ಮಂಗಳೂರಿನ ನೆಹರೂ ಮೈದಾನದತ್ತ ಹೋದರೆ ಕೆಸರಿನಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರು ಕಾಣಸಿಗುತ್ತಾರೆ. ಪೆಲೆ ಯಾರು, ಮರಡೋನಾ ಯಾರು ಎಂದು ಕೇಳಿದರೆ ಉತ್ತರ ಥಟ್ಟನೆ ಬಂದೀತು. ಆದರೆ ಒಲಿಂಪಿಕ್ಸ್‌ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಯಾರು? ನಮ್ಮ ಬೆಂಗಳೂರಿನವರೇ ಎಂಬ ಸುಳಿವು ಕೊಟ್ಟರೂ ಹಿರಿಯರೇ ತಡವರಿಸಿಯಾರು!

ಅವರು ಸಾರಂಗಪಾಣಿ ರಾಮನ್. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಎದುರಾದದ್ದು ಫ್ರಾನ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಕಣಕ್ಕಿಳಿದಿದ್ದರು. ಮೊದಲು ಮುನ್ನಡೆ ಪಡೆದ ಫ್ರಾನ್ಸನ್ನು 70ನೇ ನಿಮಿಷದಲ್ಲಿ ರಾಮನ್ ಸರಿಗಟ್ಟಿದರು. ಆದರೆ ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು.

ಆ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬರು ಅಹ್ಮದ್ ಖಾನ್. ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದ ಅವರಿಗೆ 'ಹಾವಾಡಿಗ' ಎಂಬ ಅಡ್ಡಹೆಸರೇ ಬಿದ್ದಿತ್ತು. ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾ ರಾವ್, ವೆಂಕಟೇಶ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ — ಈ ಐವರ ಮುನ್ಪಡೆಯನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದರು. 1949, 1950, 1951ರಲ್ಲಿ ಐ.ಎಫ್.ಎ. ಶೀಲ್ಡ್ ಸತತವಾಗಿ ಈಸ್ಟ್ ಬೆಂಗಾಲ್ ಪಾಲಾಯಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಇದ್ದರು.

ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಒಳ್ಳೆಯ ಹಿಡಿತ. ನೆಲ ಒದ್ದೆಯಾದರೆ ಕಾಲು ಜಾರುತ್ತದೆ; ಚಳಿಗೆ ಮರಗಟ್ಟುತ್ತದೆ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10–1ರಿಂದ ಭಾರತವನ್ನು ಸೋಲಿಸಿತು. ನಮ್ಮ ಆ ಒಂದೇ ಗೋಲು ಅಹ್ಮದ್ ಅವರದು. ಬೂಟು ಕಡ್ಡಾಯವಾದದ್ದು ಆ ಸೋಲಿನ ಮೇಲೆಯೇ. 2017ರ ಆಗಸ್ಟ್‌ನಲ್ಲಿ, 90ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಮೆರಿಕದವರು 'ಫುಟ್‌ಬಾಲ್' ಎನ್ನುವುದು ಬೇರೆಯೇ ಆಟ. ಚೆಂಡು ಅಲ್ಲಿ ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ದಾಳಿಗೆ ಸೂತ್ರಧಾರನಾದವನು ಕ್ವಾರ್ಟರ್‌ಬ್ಯಾಕ್. ಒಹಾಯೊದ ಕ್ಯಾಂಟನ್ ಎಂಬ ಊರಿನಲ್ಲಿ 1963ರಿಂದ ಈ ಆಟದ ಕೀರ್ತಿಮಂದಿರವಿದೆ. ಆಯ್ಕೆಯಾದ ಪ್ರತಿಯೊಬ್ಬರ ಕಂಚಿನ ಮುಖ ಅಲ್ಲುಂಟು. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ 2002ರಲ್ಲಿ ತೀರಿಕೊಂಡರು. ಅವರ ಆಟ ನೋಡದ ಮಕ್ಕಳೂ ಇಂದು ಆ ಮುಖದ ಮುಂದೆ ನಿಂತು ಹೆಸರು ಓದುತ್ತಾರೆ.

ನಮಗೂ ಹೆಸರುಗಳ ಬರವಿಲ್ಲ. 1946–47ರಲ್ಲೇ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ನಮ್ಮದು. 1968–69ರ ಬಳಿಕ ಅದು ಮತ್ತೆ ಕೈಗೆ ಬಂದದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದಾಗ. 54 ವರ್ಷಗಳ ಕಾಯುವಿಕೆ! ಅಷ್ಟರೊಳಗೆ ಹಳೆಯ ಗೆಲುವುಗಳ ಎಷ್ಟೋ ಆಟಗಾರರು ಈ ಲೋಕದಲ್ಲಿರಲಿಲ್ಲ.

ಕಂಚಿನ ಮೂರ್ತಿಗೆ ಹಣ ಬೇಕು, ನಿಜ. ನೆನಪಿಗೆ ಒಂದು ನೋಟ್‌ಬುಕ್ ಸಾಕು. ಮಂಗಳೂರಿನಲ್ಲೂ ಉಳ್ಳಾಲದಲ್ಲೂ ಹಳೆಯ ಪಂದ್ಯಗಳನ್ನು ಕಣ್ಣಾರೆ ಕಂಡ ಅಜ್ಜಂದಿರು ಇನ್ನೂ ಇದ್ದಾರೆ. ಯಾರು ಯಾವ ತಂಡದಲ್ಲಿ ಆಡಿದರು, ಯಾವ ವರ್ಷ ಗೆದ್ದರು ಎಂಬುದನ್ನು ಪ್ರತಿ ಕ್ಲಬ್ಬೂ ಅವರಿಂದ ಕೇಳಿ ಬರೆದಿಡಬಹುದು. ಆಡಿದವರು ಹೋಗಿದ್ದಾರೆ, ನೋಡಿದವರೂ ಹೋಗುವ ಮೊದಲು ಆ ಕೆಲಸ ಆಗಬೇಕು.